ದೊಡ್ಡಮ್ಮನ ಗಟ್ಟಿ ರಕ್ತ

1984ರ ಮಾರ್ಚ್ 4, ಭಾನುವಾರ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಬರೆಯಲು ಕೂತೆ.

ಬೆರಳು ಕೊಯ್ದುಕೊಂಡರೆ ಸಂತೋಷಪಡುವ ಹೆಂಗಸು ಉದ್ದನಪಲ್ಲಿಯಲ್ಲಿ ಒಬ್ಬಳೇ ಇದ್ದಾಳೆ. ಅವಳು ನಮ್ಮ ದೊಡ್ಡಮ್ಮ!

ಈಳಿಗೆಮಣೆ ತಗುಲಿ ರಕ್ತ ಬಂದರೆ ಬೇರೆಯವರು ಅರಿಶಿನ ಹುಡುಕುತ್ತಾರೆ. ಇವಳು ನನ್ನನ್ನು ಕೂಗುತ್ತಾಳೆ. "ಗಡಿಯಾರ ನೋಡ್ಲಾ! ರಕ್ತ ಆಗ್ಲೇ ನಿಂತೋಯ್ತು!" ಎರಡು ವರ್ಷದಲ್ಲಿ ಹನ್ನೊಂದು ಗಾಯಗಳನ್ನು ತಾರೀಖು ಸಮೇತ ಬರೆದಿಟ್ಟಿದ್ದೇನೆ. ಯಾವುದೂ ಎರಡು ನಿಮಿಷ ದಾಟಿಲ್ಲ. ಅದೇ ಈಳಿಗೆಗೆ ಸಿಕ್ಕ ದೊಡ್ಡಪ್ಪನಿಗೆ ರಕ್ತ ನಿಲ್ಲಲು ನಾಲ್ಕು ನಿಮಿಷ ಹಿಡಿಯಿತು.

"ನಿಮ್ದು ನೀರುಮಜ್ಜಿಗೆ, ನಂದು ಗಟ್ಟಿ ಮೊಸ್ರು!" ಎಂದು ಅಣಕಿಸಿದಳು.

ಕಳೆದ ತಿಂಗಳು ತಲೆ ಸುತ್ತಿ ಕುಸಿದಾಗ ಹೊಸೂರಿನ ಡಾಕ್ಟರ ಬಳಿ ಕರೆದೊಯ್ದೆ. ಬಿ.ಪಿ. ಜಾಸ್ತಿ, ದಿನಾ ಮಾತ್ರೆ, ಉಪ್ಪಿನಕಾಯಿ ಬಂದ್ ಎಂದರು. ದೊಡ್ಡಮ್ಮ ನನ್ನ ಚೀಲದಿಂದ ನೋಟುಬುಕ್ಕು ಎಳೆದು ಮೇಜಿನ ಮೇಲಿಟ್ಟಳು.

"ನೋಡಿ ಸಾರ್, ನಮ್ ಹುಡ್ಗ ಬರ್ದವ್ನೆ. ಇಂಥಾ ರಕ್ತಕ್ಕೆ ಮಾತ್ರೆ ಯಾಕೆ?"

ನನ್ನ ಲೆಕ್ಕವೇ ನನಗೆ ಎದುರುಸಾಕ್ಷಿ!

ಡಾಕ್ಟರು ನಗಲಿಲ್ಲ. "ಈ ಪುಸ್ತಕದಿಂದ ಏನೂ ಗೊತ್ತಾಗಲ್ಲಮ್ಮ. ರಕ್ತದಲ್ಲಿ ಹೆಪ್ಪುಗಟ್ಟಿಸೋ ಪ್ರೋಟೀನು ಇರುತ್ತೆ. ಗಾಯದ ಬಾಯಲ್ಲಿ ದಾರದ ಹಾಗೆ ಬಲೆ ಹೆಣೆಯುತ್ತೆ, ಒಳ್ಳೇದೆ. ಬಿ.ಪಿ. ಇರೋ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಅದು ಜಾಸ್ತಿ ಇರುತ್ತೆ. ಅದೇ ಬಲೆ ತಲೆಯೊಳಗಿನ ರಕ್ತನಾಳದಲ್ಲಿ ಹೆಣೆದ್ರೆ ಒಂದು ಕಡೆ ಕೈಕಾಲೇ ಬಿದ್ದೋಗಬಹುದು."

ಊರಿನ ಬಸ್ಸು ಹತ್ತಿದ ಮೇಲೆ ನನ್ನ ಕಡೆ ತಿರುಗಿದಳು.

"ಮೊಸ್ರು ಮಡಕೇಲಿ ಹೆಪ್ಪಾಗ್ಬೇಕು, ಕೊಳವೇಲಿ ಆಗ್ಬಾರ್ದು. ಅಷ್ಟೇ ತಾನೆ?"

"ಅಷ್ಟೇ ದೊಡ್ಡಮ್ಮ."

"ಆದ್ರೂ ಮಾತ್ರೆ ನುಂಗಲ್ಲ, ಹೋಗ್ಲಾ!"

ನಾನು ಹೊಸ ಪುಟ ತೆರೆದೆ. ಮಾತ್ರೆ ನುಂಗಿದ ದಿನಕ್ಕೊಂದು ಗೀಟು. ಒಂಬತ್ತು ದಿನ ಎದುರಿಗೆ ನಿಂತು, ಬೈಸಿಕೊಂಡು ನುಂಗಿಸಿದೆ. ಆಮೇಲೆ ಪರೀಕ್ಷೆಗೆಂದು ನಾಲ್ಕು ದಿನ ಕೃಷ್ಣಗಿರಿಗೆ ಹೋಗಬೇಕಾಯಿತು. ನೋಟುಬುಕ್ಕು ಮನೆಯಲ್ಲೇ ಉಳಿಯಿತು. ಅಲ್ಲಿ ಉತ್ತರ ಬರೆಯುವಾಗಲೂ ನನಗೆ ಆ ಬಲೆಯದೇ ಯೋಚನೆ.

ನಿನ್ನೆ ಬಂದು ಪುಟ ತೆರೆದರೆ, ಒಂಬತ್ತು ಗೀಟುಗಳ ಪಕ್ಕದಲ್ಲಿ ನಾಲ್ಕು ಕುಂಕುಮದ ಬೊಟ್ಟು! ದೊಡ್ಡಮ್ಮನಿಗೆ ಅಕ್ಷರ ಬಾರದು. ನಂಬಿಕೆ ಸಾಲದೆ ಮಾತ್ರೆಗಳನ್ನೂ ಎಣಿಸಿದೆ. ಸರಿಯಾಗಿ ನಾಲ್ಕು ಕಡಿಮೆ.

"ನಿನ್ ಪುಸ್ತಕದಾಗೆ ಒಂದಿನ ಖಾಲಿ ಬಿದ್ರೆ ನಿನ್ಗೆ ಅನ್ನ ಸೇರಲ್ವಲ್ಲ ಕಣ್ಲಾ," ಎಂದಳು, ಒಲೆಯ ಕಡೆ ತಿರುಗಿಕೊಂಡು.

ಆ ಪುಟದಲ್ಲಿ ಇನ್ನೂ ಬಹಳ ಜಾಗವಿದೆ. ಗೀಟಿನಿಂದಲೋ ಬೊಟ್ಟಿನಿಂದಲೋ ಅದು ತುಂಬಬೇಕು. ಬಿ.ಪಿ. ಇಳಿದರೆ ಆ ಹೆಪ್ಪಿನ ಪ್ರೋಟೀನೂ ಇಳಿಯುತ್ತದೆಯೇ ಎಂದು ಡಾಕ್ಟರನ್ನು ಕೇಳಲು ಮರೆತೆ. ಇದನ್ನು ಓದುವವರಲ್ಲಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ.