ಉಸಿರಾಡುವ ಮೀಟರು

ಕರೆಂಟಿನ ವೋಲ್ಟು ಅಳೆಯಲು ಗಂಡ ಕಟ್ಟಿದ ಮೀಟರು ಸುಳ್ಳು ಹೇಳುವುದಿಲ್ಲ. ಅದನ್ನು ಇಡೀ ಕಟ್ಟಡಕ್ಕೇ ತೋರಿಸಿಕೊಡುತ್ತೇನೆ ಎಂದು ಆಕೆ ಟೊಂಕ ಕಟ್ಟಿ ನಿಂತಳು!

ಗಂಡ ರೇಡಿಯೊ ರಿಪೇರಿಯವನು. ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕೋಣೆ ಖಾಲಿ ಮಾಡಿಸಲು ಬಂದ ನಾದಿನಿ ಮೀಟರನ್ನು ಚೀಲದ ಬಾಯಿಗೆ ಹಿಡಿದಿದ್ದಳು.

“ಇದು ನಡೆಯುತ್ತಾ ಅತ್ತಿಗೆ? ಇಲ್ದಿದ್ರೆ ಗುಜರಿಗೆ.”

“ನಿನ್ನ ನಾಲಿಗೆಗಿಂತ ಚೆನ್ನಾಗಿ ನಡೆಯುತ್ತೆ. ಕೊಡು ಇಲ್ಲಿ!”

ಬಟ್ಟೆ ತಂದಳು. ಮೂಲೆ, ಮುಖ, ನಾಬು ಎಲ್ಲ ತಿಕ್ಕಿ ತಿಕ್ಕಿ ಒರೆಸಿದಳು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು.

ಅಂಕಿ ಸೊನ್ನೆಯಿಂದ ಎದ್ದಿತು. ನೂರಾಯಿತು. ಇನ್ನೂರಾಯಿತು. ಮುನ್ನೂರು ದಾಟಿ ಮೆಲ್ಲಗೆ ಇಳಿಯಿತು. ಮತ್ತೆ ಎದ್ದಿತು. ಮಧ್ಯಾಹ್ನದ ನಿದ್ದೆಯಲ್ಲಿ ಅವನ ಎದೆ ಹೀಗೇ ಏರಿ ಇಳಿಯುತ್ತಿತ್ತು. ಆಕೆ ನೆಲದ ಮೇಲೆ ಕೂತಳು. ಕೂತೇ ಇದ್ದಳು. ಕಿಟಕಿಯ ಬಿಸಿಲು ಗೋಡೆ ಬಿಟ್ಟು ಮಡಿಲಿಗೆ ಬಂತು.

“ಅತ್ತಿಗೆ! ಮುನ್ನೂರು! ಫ್ರಿಜ್ಜು ಸುಟ್ಟು ಕರಕಲಾಗುತ್ತೆ!”

ನಾದಿನಿ ಕರೆಂಟಿನ ಆಫೀಸಿಗೆ ಫೋನು ಮಾಡಿದಳು. ಅತ್ತಿಗೆ ಮೆಟ್ಟಿಲಿಗೆ ಬಂದು, “ಮುನ್ನೂರು ವೋಲ್ಟು!” ಎಂದು ಯುದ್ಧ ಸಾರಿದ ಹಾಗೆ ಕೂಗಿದಳು. ಕೆಳಮನೆಯ ದರ್ಜಿ ಇಸ್ತ್ರಿ ಪೆಟ್ಟಿಗೆಯ ವೈರು ಕಿತ್ತ. ಮೇಲ್ಮನೆಯ ಅಜ್ಜ ಮೈತುಂಬ ಸೋಪಿನ ನೊರೆಯಲ್ಲೇ ಓಡಿಬಂದು ಕಟ್ಟಡದ ಮೇನ್ ಸ್ವಿಚ್ಚನ್ನೇ ಇಳಿಸಿದ. ಲಿಫ್ಟು ನಡುವೆ ನಿಂತಿತು. ಒಳಗಿದ್ದವನು, ದೂರು ನೋಡಲು ಬಂದ ಲೈನ್‌ಮನ್!

ಅವನು ಒಳಗಿಂದಲೇ ಕೂಗಿ ಸ್ವಿಚ್ಚು ಹಾಕಿಸಿ, ಬೆವರು ಒರೆಸಿಕೊಳ್ಳುತ್ತ ಹೊರಬಂದು, ಆಕೆಯ ಪ್ಲಗ್ಗಿಗೆ ತನ್ನ ಮೀಟರು ಹಿಡಿದ. ಇನ್ನೂರ ಮೂವತ್ತು. ಅಲುಗಲಿಲ್ಲ.

“ನಿಮ್ಮದೇ ಕೆಟ್ಟಿರಬೇಕು. ನಮ್ಮವರು ಕಟ್ಟಿದ್ದು ಕೆಡಲ್ಲ,” ಎಂದಳು ಆಕೆ.

“ಕೆಟ್ಟಿಲ್ಲಮ್ಮಾ. ಈ ನಾಬು ಯಾರು ತಿರುಗಿಸಿದ್ದು?”

“ಯಾರೂ ಇಲ್ಲ. ನಾನು ಒರೆಸಿದೆ ಅಷ್ಟೆ.”

“ಅದೇ ಮತ್ತೆ! ಕರೆಂಟು ಅಲೆ ಇದ್ದ ಹಾಗೆ, ಏರುತ್ತೆ ಇಳಿಯುತ್ತೆ. ಮೀಟರು ಇಣುಕಿ ಇಣುಕಿ ನೋಡುತ್ತೆ. ಕಂಡ ಅಳತೆನೆಲ್ಲ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹೇಳುತ್ತೆ. ಒಂದೊಂದು ಅಲೆನೂ ಹತ್ತಾರು ಸಲ ಇಣುಕಿದ್ರೆ ಲೆಕ್ಕ ಸರಿ. ನೀವು ಒರೆಸುವಾಗ ನಾಬು ತಿರುಗಿಸಿ, ಅಲೆಗೊಂದೇ ಸಲ ಇಣುಕೋ ಹಾಗೆ ಮಾಡಿದ್ದೀರಿ. ಸದಾ ತುದಿನೇ ಕಂಡ್ರೆ ಮುನ್ನೂರಕ್ಕೂ ಮೇಲೆ, ನಡುವೇ ಕಂಡ್ರೆ ಸೊನ್ನೆ. ಪ್ರತಿ ಸಲ ಇಣುಕು ಅಲೆಗಿಂತ ಒಂಚೂರು ಹಿಂದೆ ಬೀಳ್ತಾ ಹೋಗುತ್ತೆ, ಅದಕ್ಕೇ ಅಂಕಿ ತೂಗಾಡ್ತಿದೆ.”

“ಅಂದ್ರೆ ನನ್ನ ಒಲೆ ಮೇಲಿನ ಹಾಲಿದ್ದ ಹಾಗೆ. ನೋಡಿದಾಗೆಲ್ಲ ತಣ್ಣಗಿರುತ್ತೆ, ನೋಡದಾಗ ಉಕ್ಕಿರುತ್ತೆ.”

“ಅದೇ ನೋಡಿ!”

ಅವನು ನಾಬು ತಿರುಗಿಸಿದ. ಇನ್ನೂರ ಮೂವತ್ತು. ಅಂಕಿ ಕಲ್ಲಿನ ಹಾಗೆ ನಿಂತಿತು.

“ಗೆದ್ರಿ ಅತ್ತಿಗೆ. ಅಣ್ಣನ ಮೀಟರು ಸರಿಯಾಗೇ ಇದೆ. ಗುಜರಿಗೆ ಹಾಕಲ್ಲ,” ಎಂದಳು ನಾದಿನಿ.

ಆಕೆ ಏರದೆ ಇಳಿಯದೆ ನಿಂತ ಅಂಕಿಯನ್ನು ನೋಡಿದಳು. ಗೆದ್ದವಳ ಮುಖ ಸಪ್ಪಗಾಯಿತು.

“ಮತ್ತೆ ಮೊದಲಿನ ಹಾಗೆ ತಿರುಗಿಸಪ್ಪಾ.”

“ಸುಳ್ಳು ಹೇಳುತ್ತಲ್ಲ ಅಮ್ಮಾ?”

“ಹೇಳಲಿ ಬಿಡು. ನಿಜ ಹೇಳೋಕೆ ಮನೇಲಿ ನಾದಿನಿ ಇದ್ದಾಳೆ.”