ರೈಟ್ ಮಾಮನ ಔಷಧದ ಬಿಲ್ಲು

ಬೆಳಗಿನ ತಿಂಡಿ ಮುಗಿಸಿದ ರೈಟ್ ಮಾಮನ ಅಂಗೈಯಿಂದ ಗುಲಾಬಿ ಬಣ್ಣದ ಒಂದು ಮಾತ್ರೆ ಜಾರಿತು. ಜಾರಿದ್ದು ಬಿದ್ದಲ್ಲೇ ಸುಮ್ಮನಿರದೆ, ಸ್ಟಾಪಿನಲ್ಲಿ ನಿಲ್ಲದ ಬಸ್ಸಿನಂತೆ ಉರುಳಿಕೊಂಡು ಸೀದಾ ಫ್ರಿಜ್ಜಿನ ಕೆಳಗೆ ನುಗ್ಗಿತು.

ಮಾಮ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಮಾತಿನ ಕೊನೆಗೆ ‘ರೈಟ್’ ಅನ್ನುವುದನ್ನು ಬಿಟ್ಟಿರಲಿಲ್ಲ. ಹಾಗಾಗಿ ಆ ಮೂರಂತಸ್ತಿನ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್‌ಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

“ಹೋಗ್ಲಿ ಬಿಡಿ, ಇನ್ನೊಂದು ತಗೊಳ್ಳಿ,” ಅಂದರು ಹೆಂಡತಿ. ಅವರು ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್ ಆಗಿದ್ದವರು. ವರ್ಷಗಟ್ಟಲೆ ಊರವರ ಮಾತು ಕೇಳಿ ಸಾಕಾಗಿ, ತಾವು ಮಾತ್ರ ಅಗತ್ಯಕ್ಕಿಂತ ಒಂದಕ್ಷರ ಹೆಚ್ಚು ಆಡುತ್ತಿರಲಿಲ್ಲ.

ತಿಂಗಳ ಔಷಧ ತರುವುದು ಹೆಂಡತಿಯ ಕೆಲಸ. ಮಾಮನದು ನುಂಗುವುದಷ್ಟೇ. ಇವತ್ತು ಮೊದಲ ಬಾರಿಗೆ ಅವರು ಮಾತ್ರೆಯ ಹಾಳೆ ತಿರುಗಿಸಿ ಬೆಲೆ ಓದಿದರು. ಒಂದು ಮಾತ್ರೆಯ ದುಡ್ಡಿನಲ್ಲಿ ಒಂದು ಕಾಫಿ ಕುಡಿಯಬಹುದಿತ್ತು. ಅಂಥವು ದಿನಕ್ಕೆ ಒಂಬತ್ತು! ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಮಾಮ ನೆಲಕ್ಕೆ ಬೋರಲಾಗಿ ಪೊರಕೆ ಕಡ್ಡಿಯಿಂದ ಫ್ರಿಜ್ಜಿನ ಅಡಿ ಕೆದಕತೊಡಗಿದರು.

“ಏನ್ ಮಾಮ, ಈ ವಯಸ್ಸಲ್ಲಿ ದಂಡ ಹೊಡೀತಿದೀರಾ?” ತೆರೆದ ಬಾಗಿಲಲ್ಲಿ ಮೇಲಿನ ಮನೆಯ ಟೈಲರ್ ನಿಂತಿದ್ದ.

ವಿಷಯ ತಿಳಿದದ್ದೇ ಅವನ ಮುಖ ಅರಳಿತು. “ಇಷ್ಟೇನಾ? ನನ್ನ ಕತ್ತರಿ ತರ್ತೀನಿ. ಎಲ್ಲಾ ಮಾತ್ರೆನೂ ಅರ್ಧ ಅರ್ಧ ಮಾಡ್ಬಿಡೋಣ. ಖರ್ಚೂ ಅರ್ಧ!”

“ಅದೆಲ್ಲ ಬೇಡ,” ಎನ್ನುತ್ತ ಎದುರು ಮನೆಯ ಟೀಚರಮ್ಮ ಒಳಗೆ ಬಂದರು. ಅವರ ಮನೆಯ ಬಾಗಿಲು ಎಷ್ಟು ಮುಚ್ಚಿದ್ದರೂ ಕಿವಿ ತೆರೆದೇ ಇರುತ್ತಿತ್ತು. “ನಮ್ಮಣ್ಣಂದು ಅರ್ಧ ಡಬ್ಬ ಮಾತ್ರೆ ಉಳಿದಿದೆ. ಯಾತಕ್ಕೆ ಅಂತ ಗೊತ್ತಿಲ್ಲ, ಆದ್ರೆ ತುಂಬಾ ಒಳ್ಳೇ ಕಂಪನಿದು.”

ಮಾಮ ಮೊಣಕಾಲು ಒತ್ತಿಕೊಂಡು ಎದ್ದರು. “ನೀವಿಬ್ರೂ ಸೇರಿ ನನ್ನ ಕೊನೇ ಸ್ಟಾಪಲ್ಲಿ ಇಳಿಸ್ತೀರಿ. ಕೇಳ್ಬೇಕಾದವ್ರನ್ನೇ ಕೇಳೋಣ ನಡೀರಿ. ರೈಟ್!”

ಒಂಬತ್ತೂ ಮಾತ್ರೆಗಳ ಹಾಳೆಗಳನ್ನು ನೀಲಿ ಕೈಚೀಲಕ್ಕೆ ತುಂಬಿ ಮಾಮ ಹೊರಟರು. ಗುಂಡಿ ಕೊಳ್ಳಬೇಕಾಗಿದ್ದ ಟೈಲರ್, ಕೊಳ್ಳಬೇಕಾದ್ದೇನೂ ಇಲ್ಲದ ಟೀಚರಮ್ಮ, ಇಬ್ಬರೂ ಹಿಂಬಾಲಿಸಿದರು.

ಮಾಮನ ಬಾಯಿಂದ ಇಬ್ಬರ ಸಲಹೆಗಳನ್ನೂ ಕೇಳಿದ ಔಷಧದಂಗಡಿಯ ಮೇಡಂ ಕನ್ನಡಕ ಏರಿಸಿಕೊಂಡು ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು.

“ಕತ್ತರಿಸೋ ಮಾತೇ ಬೇಡ. ಇದು ಹೊಟ್ಟೇಲಿ ನಿಧಾನಕ್ಕೆ ಕರಗೋ ಮಾತ್ರೆ, ತುಂಡು ಮಾಡಿದ್ರೆ ಒಂದೇ ಸಲಕ್ಕೆ ಇಳಿಯತ್ತೆ,” ಎಂದು ಟೈಲರನನ್ನು ದುರುಗುಟ್ಟಿ ನೋಡಿದರು. “ಇನ್ನೊಬ್ರ ಮಾತ್ರೆನಂತೂ ಮುಟ್ಲೇಬೇಡಿ.” ಟೀಚರಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

“ಹಾಗಾದ್ರೆ ಕಡಿಮೆ ಮಾಡೋದು ಹೇಗಮ್ಮ?”

“ಇದೇ ಔಷಧ ಬೇರೆ ಹೆಸರಲ್ಲಿ ಕಾಲು ಬೆಲೆಗೆ ಬರತ್ತೆ. ಡಾಕ್ಟರ್ ಬರ್ಕೊಟ್ರೆ ನಾನು ಕೊಡ್ತೀನಿ. ಅಲ್ಲಾ ಮಾಮ, ಇವೆರಡೂ ಒಂದೇ ಔಷಧ! ಹೃದಯದ ಡಾಕ್ಟ್ರು ಒಂದು ಹೆಸರಲ್ಲಿ ಬರ್ದಿದಾರೆ, ಮಾಮೂಲಿ ಡಾಕ್ಟ್ರು ಇನ್ನೊಂದು ಹೆಸರಲ್ಲಿ. ಎರಡೂ ನುಂಗ್ತಿದೀರಾ? ಇವತ್ತೇ ಹೋಗಿ ತೋರಿಸಿ.”

ಒಂದೇ ಸೀಟಿಗೆ ಎರಡು ಟಿಕೆಟ್! ಮಾಮನಿಗೆ ವೃತ್ತಿಜೀವನಕ್ಕೇ ಅವಮಾನವಾದಂತಾಯಿತು. ಹಾಳೆಗಳನ್ನು ಮತ್ತೆ ಚೀಲಕ್ಕೆ ತುಂಬಿ ಕಟ್ಟೆಯ ಮೇಲಿಟ್ಟರು. ಪಕ್ಕದಂಗಡಿಯಲ್ಲಿ ಗುಂಡಿ ಕೊಂಡು ಬಂದ ಟೈಲರ್ ತನ್ನ ಚೀಲವನ್ನೂ ಅಲ್ಲೇ ಇಟ್ಟು ಬೆವರೊರೆಸಿಕೊಂಡು, ಮತ್ತೆ ಚೀಲ ಎತ್ತಿಕೊಂಡು ತನ್ನ ಅಂಗಡಿ ತೆರೆಯಲು ಓಡಿದ. ಮಾಮ ಕಟ್ಟೆಯ ಮೇಲಿದ್ದ ಚೀಲ ಎತ್ತಿಕೊಂಡು ಕ್ಲಿನಿಕ್ಕಿನತ್ತ ದಾಪುಗಾಲು ಹಾಕಿದರು.

ಕ್ಲಿನಿಕ್ಕಿನಲ್ಲಿ ಹನ್ನೊಂದು ಜನ ಕಾದಿದ್ದರು, ಬಹುಪಾಲು ವಯಸ್ಸಾದವರೇ. ಮಾಮನ ಸರದಿ ಬರುವಷ್ಟರಲ್ಲಿ ಟೀಚರಮ್ಮ ಅವರ ಕತೆಯನ್ನು ಮೂರು ಬಾರಿ ಪಾಠ ಮಾಡಿ ಮುಗಿಸಿದ್ದರು.

ಮಾಮ ಒಳಗೆ ಹೋಗಿ ಗತ್ತಿನಿಂದ ಚೀಲವನ್ನು ಮೇಜಿನ ಮೇಲೆ ಸುರಿದರು. ಚಟಪಟ ಸದ್ದಿನೊಂದಿಗೆ ಕಪ್ಪು, ಕಂದು, ಬಂಗಾರದ ಬಣ್ಣದ ಗುಂಡಿಗಳು ಡಾಕ್ಟರ ಮಡಿಲ ತುಂಬ ಉದುರಿದವು.

ಡಾಕ್ಟರ್ ಒಂದು ಗುಂಡಿಯನ್ನು ಬೆಳಕಿಗೆ ಹಿಡಿದರು. “ಇದನ್ನ ಊಟಕ್ಕೆ ಮುಂಚೆ ನುಂಗ್ತೀರೋ, ಆಮೇಲೋ?”

ಮಾಮ ಬೀದಿಗೆ ಧಾವಿಸಿದರು. ಎದುರಿನಿಂದ ಟೈಲರ್ ಅಂಥದೇ ನೀಲಿ ಚೀಲ ಬೀಸುತ್ತ ಓಡಿಬರುತ್ತಿದ್ದ. “ಮಾಮಾ! ಗಿರಾಕಿ ಕೋಟಿಗೆ ಗುಂಡಿ ಹೊಲಿಯೋಣ ಅಂತ ಕೈ ಹಾಕಿದ್ರೆ ಬಿಪಿ ಮಾತ್ರೆ ಬಂತು! ಅದೂ ನಾಲ್ಕು ತೂತಿಲ್ದೇ ಇರೋದು!”

ಚೀಲಗಳು ಅದಲುಬದಲಾದವು. ಮಾಮ ಮತ್ತೆ ಸಾಲಿನ ಕೊನೆಗೆ ನಿಂತರು. ಒಂದೂವರೆ ಗಂಟೆಯ ನಂತರ ಡಾಕ್ಟರ್ ಒಂದೊಂದೇ ಹಾಳೆ ನೋಡಿ, ಬಿಪಿ ಪರೀಕ್ಷಿಸಿ, ಹೃದಯದ ಡಾಕ್ಟರಿಗೂ ಫೋನ್ ಮಾಡಿ ಕೇಳಿ, ಹೊಸ ಚೀಟಿ ಬರೆದರು. ಒಂಬತ್ತು ಮಾತ್ರೆ ಐದಾದವು. ಐದಕ್ಕೂ ಅಗ್ಗದ ಹೆಸರು. ತಿಂಗಳಿಗೆ ಮೂರು ಸಾವಿರದ ಇನ್ನೂರು ಇದ್ದ ಬಿಲ್ಲು ಏಳುನೂರಕ್ಕೆ ಇಳಿಯಿತು.

ಹೊರಗೆ ಬಂದ ಮಾಮ, ಆಗಲೇ ಮತ್ತೆ ಬೆಳೆದಿದ್ದ ಸಾಲಿನೆದುರು ಎದೆಯುಬ್ಬಿಸಿ ನಿಂತರು. “ಎಲ್ರೂ ಕೇಳಿ! ನಾಳೆಯಿಂದ ನಿಮ್ಮ ನಿಮ್ಮ ಔಷಧದ ಚೀಲ ತನ್ನಿ. ಒಬ್ಬೊಬ್ರನ್ನೇ ನಾನೇ ಮುಂದೆ ನಿಂತು ತೋರಿಸ್ಕೊಂಡು ಬರ್ತೀನಿ. ರೈಟ್?”

“ರೈಟ್!” ಅಂದಿತು ಇಡೀ ಸಾಲು.

ಮನೆ ಸೇರಿದ ಮಾಮ ಸೋಫಾದಲ್ಲಿ ಕಾಲು ಚಾಚಿ ಹೆಂಡತಿಯನ್ನು ಕರೆದರು. “ನೋಡು, ಇನ್ಮೇಲೆ ತಿಂಗಳಿಗೆ ಏಳುನೂರೇ! ಎರಡೂವರೆ ಸಾವಿರ ಉಳಿಸಿದೀನಿ!”

ಹೆಂಡತಿ ಚೀಟಿಯನ್ನು ಎರಡು ಬಾರಿ ಓದಿದರು.

“ನಾಲ್ಕು ಮಾತ್ರೆ ಕಮ್ಮಿ ಆಗಿದ್ದು ಒಳ್ಳೇದೇ ಆಯ್ತು,” ಅಂದರು. ಆಮೇಲೆ ಕುರ್ಚಿ ಎಳೆದು ಕೂತರು. “ಆದ್ರೆ ಔಷಧದ ಬಿಲ್ಲು ತಿಂಗಳಿಗೆ ಮೂರು ಸಾವಿರ ದಾಟಿದ್ರೆ ನಮ್ಮ ಟೆಲಿಫೋನ್ ಆಫೀಸು ಪೂರ್ತಿ ವಾಪಸ್ ಕೊಡ್ತಿತ್ತು. ದಾಟದಿದ್ರೆ ಚಿಕ್ಕಾಸೂ ಇಲ್ಲ.”

ಮಾಮನ ಚಾಚಿದ ಕಾಲು ತಾನಾಗಿ ಮಡಚಿಕೊಂಡಿತು. “ಅಂದ್ರೆ ಇಷ್ಟು ದಿನ...”

“ನಿಮ್ಮ ಔಷಧ ಪುಕ್ಕಟೆ. ಇನ್ಮೇಲೆ ಏಳುನೂರು ಕೈಯಿಂದ.”

“ಮತ್ತೆ ವಾಪಸ್ ಬಂದಿದ್ದು?”

“ಕೂಡಿಟ್ಟಿದ್ದೆ. ನಾವಿಬ್ರೂ ಹತ್ತು ದಿನ ಸಮುದ್ರ ನೋಡ್ಕೊಂಡು ಬರೋಣ ಅಂತ. ಮುಂಗಡಾನೂ ಕಟ್ಟಿದೀನಿ. ನಿಮಗೆ ಹೇಳ್ದೇ ಇಟ್ಟಿದ್ದೆ. ಇನ್ನು ಮೂರು ತಿಂಗಳ ದುಡ್ಡು ಬಂದಿದ್ರೆ ಸಾಕಿತ್ತು.”

ಮಾಮ ತಡವರಿಸಿದರು. “ಹಾಗಾದ್ರೆ... ಮೂರೇ ತಿಂಗಳು ಹಳೇ ಚೀಟಿನೇ...”

“ಬೇಡದ ಮಾತ್ರೆ ನಿಮಗೆ ನುಂಗ್ಸಿ ನನಗೆ ಸಮುದ್ರ ಬೇಕಾಗಿಲ್ಲ,” ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದರು. ಸ್ವಲ್ಪ ಯೋಚಿಸಿದರು. ಮುಖ ತಿಳಿಯಾಯಿತು. “ಕಟ್ಟಿರೋ ದುಡ್ಡಲ್ಲಿ ಒಬ್ರು ಆರಾಮಾಗಿ ಹೋಗ್ಬರ್ಬಹುದು. ನಾನು ಹೋಗ್ಬರ್ತೀನಿ.”

ಮಾಮ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಟೀಚರಮ್ಮ ನಿಂತಿದ್ದರು. ಅವರ ಹಿಂದೆ ಮೆಟ್ಟಿಲುದ್ದಕ್ಕೂ ಕ್ಲಿನಿಕ್ಕಿನ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಚೀಲ.

“ನಾಳೆವರೆಗೂ ಯಾಕೆ ಅಂತ ಇವತ್ತೇ ಕರ್ಕೊಂಡ್ ಬಂದೆ ಮಾಮ,” ಅಂದರು ಟೀಚರಮ್ಮ. “ಹೇಗೂ ಆ ಹತ್ತು ದಿನ ನೀವು ಮನೇಲಿ ಒಬ್ರೇ ಇರ್ತೀರಲ್ಲ, ಆಗ ನಮ್ಮ ನೆಂಟರನ್ನೂ ಕಳಿಸ್ತೀನಿ!”