ಮೇಷ್ಟ್ರ ಅಂಗಿ, ಸರ್ಕಾರದ ಫೋಟೋ

ಎಲ್ಲಕ್ಕೂ ಕಾರಣ ಒಂದು ತೂತು ಬನಿಯನ್ನು.

ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದ ಚಿಕ್ಕಮಲ್ಲಪ್ಪ ಊರವರ ಸುಕ್ಕನ್ನೆಲ್ಲ ತೆಗೆಯುತ್ತಿದ್ದ. ಅವನ ಮೈಮೇಲೆ ಮಾತ್ರ ಮೀನಿನ ಬಲೆಯಂಥ ಬನಿಯನ್ನು. ಬೀದಿಯಲ್ಲಿ ದುಡಿಯುವವರ ಬ್ಯಾಂಕ್ ಖಾತೆಗೆ ಸರ್ಕಾರ ಎರಡು ಸಾವಿರ ಹಾಕುತ್ತಿತ್ತು. ಅದಕ್ಕೆ ಕೆಲಸದ ಜಾಗದಲ್ಲೇ ಫೋಟೋ ಆಗಬೇಕು, ಇವತ್ತೇ ಕಡೇ ದಿನ. ಗುಮಾಸ್ತ ಶಶಿಕುಮಾರ ಮೊಬೈಲು ಹಿಡಿದು ಬೀದಿಯ ಆ ತುದಿಯಿಂದ ಬರುತ್ತಿದ್ದ. ಮಗಳು ಶಿವರಂಜಿನಿಯ ಹಾಸ್ಟೆಲ್ ಫೀಜಿಗೆ ಚಿಕ್ಕಮಲ್ಲಪ್ಪ ಆ ದುಡ್ಡನ್ನೇ ನೆಚ್ಚಿಕೊಂಡಿದ್ದ.

"ಈ ಬಲೆ ಆಕ್ಕಂಡು ನಿಂತ್ಕತಿಯಾ?" ಪಕ್ಕದ ಟೀ ಅಂಗಡಿಯ ಪುಟ್ಟಸಿದ್ದಮ್ಮ ಕೇಳಿದಳು. "ಸರ್ಕಾರದ ಪೋಟ ಕಣಪ್ಪ, ಡೆಲ್ಲಿಗಂಟ ಓಯ್ತದೆ. ಮಾನ ಬ್ಯಾಡ್ವಾ? ಇಷ್ಟು ಅಂಗಿ ಮುಂದಿಟ್ಕಂಡು ಬರೀ ಬನೀನಲ್ಲಿ ನಿಂತಿದ್ದೀಯಲ್ಲ."

ಮಾನದ ಮಾತು ಬಂದರೆ ಚಿಕ್ಕಮಲ್ಲಪ್ಪ ಬೆಣ್ಣೆಯಂತೆ ಕರಗುತ್ತಿದ್ದ. ಗಂಟಿನ ಮೇಲಿದ್ದದ್ದು ಹರದನಹಳ್ಳಿ ಸ್ಕೂಲಿನ ಮಹದೇವಪ್ರಸಾದ್ ಮೇಷ್ಟ್ರ ಬಿಳಿ ಅಂಗಿ. ಜೇಬಿನ ಮೇಲೆ ಎಷ್ಟು ಒಗೆದರೂ ಹೋಗದ ಕೆಂಪು ಇಂಕಿನ ಕಲೆ. ಎರಡು ನಿಮಿಷಕ್ಕೆ ತಾನೇ ಅಂತ ತೊಟ್ಟುಕೊಂಡ.

ಶಶಿಕುಮಾರ ಬಂದವನೇ, "ಸಾರ್, ಒಸಿ ಪಕ್ಕಕ್ಕೆ ಬನ್ನಿ. ಇಸ್ತ್ರಿಯವ ಎಲ್ಲಿ?" ಅಂದ.

"ನಾನೇ ಕಣಣ್ಣ."

ಶಶಿಕುಮಾರ ಮೇಲಿಂದ ಕೆಳಗೆ ನೋಡಿದ. "ಸರಿ, ಕಣ್ಣು ಮಿಟುಕ್ಸು. ಇಲ್ದಿದ್ರೆ ಆಪು ಪೋಟ ತಕ್ಕಳಲ್ಲ."

ಇದ್ದಿಲ ಹೊಗೆಗೆ ಒಂದು ಕಣ್ಣು ಮಾತ್ರ ಮುಚ್ಚಿಕೊಂಡಿತು.

"ಮಿಟುಕ್ಸು ಅಂದ್ರೆ ನಂಗೇ ಕಣ್ ಒಡಿತಾನಲ್ಲಪ್ಪ ಇವ್ನು."

ಫೋಟೋ ಟಿಣ್ ಅಂದ ಹೊತ್ತಿಗೇ ಮೇಷ್ಟ್ರ ಸ್ಕೂಟರು ತಿರುವಿನಲ್ಲಿ ಕಂಡಿತು. ಚಿಕ್ಕಮಲ್ಲಪ್ಪ ಗಾಡಿಯ ಹಿಂದೆ ಕುಕ್ಕರಿಸಿ, ಹಾವು ಪೊರೆ ಬಿಟ್ಟ ಹಾಗೆ ಅಂಗಿ ಕಳಚಿ, ಎದ್ದು ಅದರ ಮೇಲೆ ಒಂದು ಸಲ ಇಸ್ತ್ರಿ ಪೆಟ್ಟಿಗೆ ಎಳೆದ.

"ಬೇಗ ಕೊಡಪ್ಪ, ಯಾವುದೋ ಡ್ಯೂಟಿ ಹಾಕವ್ರೆ." ಮೇಷ್ಟ್ರು ಅಂಗಿ ಮುಟ್ಟಿ, "ಬಿಸಿಬಿಸಿಯಾಗದಲ್ಲ," ಅಂತ ಮೆಚ್ಚಿಕೊಂಡು ಹೋದರು.

ಪುಟ್ಟಸಿದ್ದಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಚಿಕ್ಕಮಲ್ಲಪ್ಪ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷದಲ್ಲಿ ಗಿರಾಕಿಯ ಬಟ್ಟೆ ತೊಟ್ಟದ್ದು ಇದೇ ಮೊದಲು.

ಸಂಜೆ ನಾಲ್ಕಾರು ಗಿರಾಕಿಗಳು ನಿಂತಿದ್ದಾಗ ಫೋನು ಬಂತು. ಕೈಯಲ್ಲಿ ಪೆಟ್ಟಿಗೆ ಇತ್ತು. ಎಂದಿನಂತೆ ಸ್ಪೀಕರ್ ಒತ್ತಿ ಗಾಡಿಯ ಮೇಲಿಟ್ಟ.

"ಚಿಕ್ಕಮಲ್ಲಪ್ಪ, ನಾನು ಮಹದೇವಪ್ರಸಾದ್. ವಾರ್ಡಿನ ಫೋಟೋ ನೋಡೋ ಡ್ಯೂಟಿ ನಮ್ಮ ಮೇಷ್ಟ್ರುಗಳಿಗೇ ಹಾಕವ್ರೆ. ನಿಂದು ನನ್ನ ಮುಂದೇ ಅದೆ, ಜೇಬಿನ ಕಲೆನೂ ಅದೆ. ಇಂಥ ಅಂಗಿ ಹಾಕೋನು ಬಡವನಾ ಅಂತ ಸಾಹೇಬ್ರು ಕೇಳ್ತಾವ್ರೆ. ಅಂಗಿ ನಿಂದು ಅಂದ್ರೆ ದುಡ್ಡು ಹೋಯ್ತದೆ. ನಂದು ಅಂದ್ರೆ ನಿನ್ನ ಮಾನ ಹೋಯ್ತದೆ. ಏನ್ ಹೇಳ್ಲಪ್ಪ?"

ಚಿಕ್ಕಮಲ್ಲಪ್ಪನ ಮುಖ ಇಸ್ತ್ರಿ ಪೆಟ್ಟಿಗೆಗಿಂತ ಕಾದುಹೋಯಿತು. ಮಗಳ ಫೀಜು ಕಣ್ಣ ಮುಂದೆ ಬಂದು ಹೋಯಿತು. ಆದರೂ ಮಾನ ದೊಡ್ಡದು.

"ನನ್ನದೇ ಅನ್ನಿ ಮೇಷ್ಟ್ರೆ," ಅಂದ, ಫೋನಿಗೆ ಬಾಗಿ, ಪಿಸುಮಾತಿನಲ್ಲಿ.

ದುಡ್ಡು ಹೋದರೂ ಮಾನ ಉಳಿಯಿತಲ್ಲ ಅಂತ ತಲೆ ಎತ್ತಿದ. ಮುಂದೆ ನಿಂತವರೆಲ್ಲ ಫೋನನ್ನೇ ನೋಡುತ್ತಿದ್ದರು. ಆಗ ಸ್ಪೀಕರ್ ನೆನಪಾಯಿತು.

ಗಿರಾಕಿಗಳಲ್ಲಿ ಮೊದಲು ಕೈ ಚಾಚಿದವನು ದೊಡ್ಡಯ್ಯ. ತನ್ನ ಪಂಚೆ ಎಳೆದುಕೊಂಡು ಮೂಸಿ ನೋಡಿದ.

"ಇದ್ನ ಯಾವ ಮದ್ವೆಗೆ ಉಟ್ಕಂಡೋಗಿದ್ದೆ, ನಿಜ ಏಳ್ಲಾ."

ಒಬ್ಬೊಬ್ಬರೇ ತಂತಮ್ಮ ಗಂಟು ಎತ್ತಿಕೊಂಡರು. ಕೊನೆಗೆ ಸುಕ್ಕು ತೆಗೆಯಲು ಚಿಕ್ಕಮಲ್ಲಪ್ಪನಿಗೆ ಉಳಿದದ್ದು ಮೈಮೇಲಿದ್ದ ತೂತು ಬನಿಯನ್ನೊಂದೇ.